ಪಂಚೇಂದ್ರಿಯಗಳ ಪಾಠ ಕಣ್ಣಿಗಷ್ಟೇ ಏಕೆ?

ಅಭ್ಯಾಸ ಪಾಠದಲ್ಲಿ ಪಂಚೇಂದ್ರಿಯಗಳೆಂದರೆ ಈಗಲೂ ಚಾರ್ಟೇ. ಗುಂಪಿನಲ್ಲಿ ಚಿತ್ರ ಮಾಡಿಸಿದರೂ ಚೆನ್ನಾಗಿ ಬಿಡಿಸುವ ಒಬ್ಬನದೇ ಕೆಲಸ. ದೃಷ್ಟಿ ಮಂದವಿರುವ ಮಗುವಿಗೆ ಅದರಲ್ಲಿ ಪಾಲಿಲ್ಲ. ಲಕ್ಕುಂಡಿಯ ಶಾಲೆಗಳಲ್ಲಿ ಇದನ್ನು ಬದಲಿಸಬಹುದು. ಮಾಣಿಕೇಶ್ವರ ಗುಡಿಯ ಮುಸುಕಿನ ಬಾವಿಯ ಬಳಿ, ಮೆಟ್ಟಿಲಿಳಿಯದೆ, ಮಕ್ಕಳು ಕಣ್ಣು ಮುಚ್ಚಿ ಕೂರಲಿ. ಸದ್ದು, ತಂಪು, ವಾಸನೆ ತಾವೇ ಹೇಳಲಿ. ಕಾಶಿ ವಿಶ್ವೇಶ್ವರ ಗುಡಿಯ ಕೆತ್ತನೆಯನ್ನು ಮುಟ್ಟಿಸಬಾರದು, ಸರಿ. ಆದರೆ ಅದೂ ಬಳಪದ ಕಲ್ಲೇ. ಪಾಟಿಯ ಬಳಪ ಸವರಿದರೂ ಆ ನುಣುಪು ಕೈಗೆ ಸಿಗುತ್ತದೆ. ರುಚಿಗೆ ರೊಟ್ಟಿ, ಶೇಂಗಾ ಚಟ್ನಿ ಇದ್ದೇ ಇವೆ. ಆಮೇಲೆ ಜೇಡಿಮಣ್ಣು, ಗೋಣಿನಾರು, ಜೋಳದ ದಂಟಿನಿಂದ ಎಲ್ಲರೂ ಕೂಡಿ ಒಂದೇ ಫಲಕ ಮಾಡಲಿ. ಅದನ್ನು ಬೆರಳಿನಿಂದಲೂ ಓದುವಂತಿರಲಿ. ಅಂದಕ್ಕೆ ಅಂಕ ಬೇಡ. ಯಾವ ಮಗು ಏನನ್ನು ಗುರುತಿಸಿ ಸೇರಿಸಿತೆಂದು ಪ್ರಶಿಕ್ಷಣಾರ್ಥಿ ಬರೆದಿಡಲಿ. ಇದಕ್ಕೆ ಒಂದು ಅವಧಿ ಸಾಲದು. ಎರಡನ್ನು ಜೋಡಿಸಲು ಮೇಲ್ವಿಚಾರಕರು ಮೊದಲು ಒಪ್ಪಬೇಕು.