ಕೊಳದ ಕಿರುಮೀನು ಕಳೆಯಲ್ಲ

ಹೊಲದ ಕಳೆಯನ್ನು ಕೀಳಹೊರಟವನು ಯಾವುದು ಕಳೆ, ಯಾವುದು ಬೆಳೆ ಎಂಬುದನ್ನು ಮೊದಲು ಅರಿತಿರಬೇಕಷ್ಟೆ. ಮೀನು ಸಾಕುವವರು ಬಹುಕಾಲ ಈ ವಿವೇಚನೆಯನ್ನು ಮಾಡಲಿಲ್ಲವೆಂದೂ, ಅದರ ನಷ್ಟವು ಮನೆಯ ತಾಯಿಗೂ ಮಕ್ಕಳಿಗೂ ತಗಲಿತೆಂದೂ ತೋರಿಸುವುದೇ ಈ ಲೇಖನದ ಉದ್ದೇಶವು.

ಒಂದೇ ಕೊಳದಲ್ಲಿ ಹಲವು ಜಾತಿಯ ಮೀನುಗಳನ್ನು ಕೂಡಿಸಿ ಬೆಳೆಸುವ ಪದ್ಧತಿಯು ಚೀನಾ ದೇಶದಲ್ಲಿ ಬಹು ಪುರಾತನವಾದುದು. ನಮ್ಮ ದೇಶದ ಕಾಟ್ಲಾ ಮೀನು ನೀರಿನ ಮೇಲ್ಭಾಗದಲ್ಲಿಯೂ, ರೋಹು ನಡುವಿನಲ್ಲಿಯೂ, ಮೃಗಾಲ್ ತಳದ ಕೆಸರಿನಲ್ಲಿಯೂ ಮೇಯುವುವು. 1959ರಲ್ಲಿ ಹೊರದೇಶಗಳಿಂದ ಬೆಳ್ಳಿಗೆಂಡೆಯನ್ನೂ ಹುಲ್ಲುಗೆಂಡೆಯನ್ನೂ ತರಿಸಿ ಇವುಗಳೊಡನೆ ಬೆಳೆಸತೊಡಗಿದರು. ಹುಲ್ಲುಗೆಂಡೆಯು ನೀರುಗಿಡಗಳನ್ನು ತಿಂದು ಅರೆ ಜೀರ್ಣವಾದುದನ್ನು ವಿಸರ್ಜಿಸುವುದು. ಅದು ನೀರಿಗೆ ಗೊಬ್ಬರವಾಗಿ ಕಣ್ಣಿಗೆ ಕಾಣದ ಹಸುರು ಸಸ್ಯಗಳು ಹುಟ್ಟುವುವು. ಅವುಗಳನ್ನು ಬೆಳ್ಳಿಗೆಂಡೆಯು ಸೋಸಿ ತಿನ್ನುವುದು. ಅವುಗಳಿಂದಲೇ ಬದುಕುವ ಸೂಕ್ಷ್ಮಪ್ರಾಣಿಗಳು ಕಾಟ್ಲಾಕ್ಕೆ ಆಹಾರವಾಗುವುವು. ಒಂದರ ಎಂಜಲು ಮತ್ತೊಂದಕ್ಕೆ ಊಟವಾಗುವ ಈ ಏರ್ಪಾಡಿನಲ್ಲಿ ಸಾರವು ಬಹುಮಟ್ಟಿಗೆ ವ್ಯರ್ಥವಾಗದೆ ಸುತ್ತುತ್ತಿರುವುದು.

ಆದರೆ ಇಷ್ಟು ಜಾಣತನದ ಪದ್ಧತಿಯಲ್ಲಿಯೂ ಒಂದು ಕುಂದು ಉಂಟಾಯಿತು. ಕೊಳದಲ್ಲಿ ತಾವಾಗಿಯೇ ಬದುಕುವ ಚಿಕ್ಕ ಮೀನುಗಳು ದೊಡ್ಡವುಗಳ ಆಹಾರವನ್ನು ಕಸಿಯುವುವೆಂದು ಎಣಿಸಿ, ಅವಕ್ಕೆ 'ಕಳೆಮೀನು' ಎಂದು ಹೆಸರಿಟ್ಟು, ಮರಿಗಳನ್ನು ಬಿಡುವ ಮೊದಲು ವಿಷವಿಕ್ಕಿ ಕೊಲ್ಲುವ ಕ್ರಮವು ಬಂದಿತು.

ಬಾಂಗ್ಲಾದೇಶದಲ್ಲಿ ಬಹುವರ್ಷ ಸೇವೆಮಾಡಿದ ಡಾ. ಶಕುಂತಲಾ ಥಿಲ್‌ಸ್ಟೆಡ್ ಎಂಬ ವಿದುಷಿಯು ಈ ಕಳೆಮೀನುಗಳನ್ನೇ ಪರೀಕ್ಷಿಸಿದಳು. ಟ್ರಿನಿಡಾಡ್ ದ್ವೀಪದ ಭಾರತೀಯ ಮನೆತನದಲ್ಲಿ ಹುಟ್ಟಿದ ಆಕೆಗೆ 2021ರಲ್ಲಿ ವಿಶ್ವ ಆಹಾರ ಪ್ರಶಸ್ತಿಯು ದೊರೆಯಿತು. ಮೋಲಾ ಎಂಬ ಬೆರಳುದ್ದದ ಮೀನಿನ 100 ಗ್ರಾಮಿನಲ್ಲಿ 2000 ಮೈಕ್ರೋಗ್ರಾಮಿಗೂ ಮಿಕ್ಕ ಎ ಜೀವಸತ್ವವಿರುವುದೆಂದೂ, ರೋಹು ಬೆಳ್ಳಿಗೆಂಡೆಗಳಲ್ಲಿ ಅದು ಅತ್ಯಲ್ಪವೆಂದೂ ತಿಳಿದುಬಂದಿತು. ಈ ಸತ್ವದ ಕೊರತೆಯಿಂದಲೇ ಮಕ್ಕಳಿಗೆ ಇರುಳುಗುರುಡು ಬರುವುದೆಂಬುದನ್ನು ತಾಯಂದಿರು ಬಲ್ಲರು. ಅದರ ಬಹುಭಾಗವು ಮೀನಿನ ಕಣ್ಣಿನಲ್ಲಿಯೂ ಕರುಳಿನ ಭಾಗದಲ್ಲಿಯೂ ಇರುವುದರಿಂದ ತಲೆಯನ್ನು ಕತ್ತರಿಸಿ ಎಸೆದರೆ ಪ್ರಯೋಜನವೇ ಹೋಗುವುದು. ಮುಳ್ಳುಸಹಿತ ತಿಂದರೆ ಸುಣ್ಣದ ಅಂಶವೂ ಲಭಿಸುವುದು.

ದೊಡ್ಡ ಮೀನಿಗೆ ಪೇಟೆಯಲ್ಲಿ ಬೆಲೆಯುಂಟು, ಚಿಕ್ಕದಕ್ಕೇನುಂಟು ಎಂದು ಕೆಲವರು ಕೇಳಬಹುದು. ಬಾಂಗ್ಲಾದೇಶದ ಕೊಳಗಳಲ್ಲಿ ಗೆಂಡೆಗಳ ಜೊತೆಗೆ ಮೋಲಾವನ್ನೂ ಬಿಟ್ಟು ನೋಡಿದಾಗ ಗೆಂಡೆಯ ಇಳುವರಿಯು ಹೇಳಿಕೊಳ್ಳುವಷ್ಟು ಕುಗ್ಗಲಿಲ್ಲ. ಮೋಲಾವು ಕೊಳದಲ್ಲಿಯೇ ಮರಿಯಿಡುವುದರಿಂದ ಆಗಾಗ್ಗೆ ಸ್ವಲ್ಪಸ್ವಲ್ಪವಾಗಿ ಹಿಡಿದು ಅಡಿಗೆಗೆ ತರಬಹುದು. ಹೀಗೆ ದೊಡ್ಡದು ಮಾರಾಟಕ್ಕೂ ಚಿಕ್ಕದು ಮನೆಯ ಬಟ್ಟಲಿಗೂ ಒದಗುವುದು. ದೊಡ್ಡದನ್ನು ಮಾರಿದ ಹಣವು ಮಕ್ಕಳ ಅನ್ನದ ಮೇಲೆ ಮೀನಾಗಿ ಬರುವುದೆಂಬ ಭರವಸೆಯಿಲ್ಲ. ಬಲೆಯಿಂದ ನೇರವಾಗಿ ಒಲೆಗೆ ಬಂದ ಕಿರುಮೀನಂತೂ ಬಂದೇ ಬರುವುದು.

ಹೀಗೆಂದು ಎಲ್ಲ ಮೀನನ್ನೂ ಒಟ್ಟಿಗೆ ತುಂಬಿಬಿಡಬೇಕೆಂದು ನನ್ನ ಮತವಲ್ಲ. ಮರಿಗಳನ್ನು ನುಂಗುವ ಮೀನುಗಳನ್ನು ಬಲೆಯಿಂದಲಾಗಲಿ ನೀರು ಬತ್ತಿಸಿಯಾಗಲಿ ತೆಗೆಯಲೇಬೇಕು. ಗೊಬ್ಬರವು ಮಿತಿಮೀರಿದರೆ ಬೆಳಗಿನ ಜಾವದಲ್ಲಿ ನೀರಿನೊಳಗಿನ ಪ್ರಾಣವಾಯು ತೀರಿ ಮೀನೆಲ್ಲವೂ ಸಾಯುವುದುಂಟು. ಕಾರ್ಖಾನೆಯ ಸೀಸ ಪಾದರಸಗಳನ್ನು ಯಾವ ಮೀನೂ ಅಮೃತವಾಗಿ ಮಾಡಲಾರದು. ಹರಿವ ಸಾರವು ಶುದ್ಧವಾಗಿದ್ದರೆ ಮಾತ್ರ ಸುತ್ತುವ ಚಕ್ರವು ಹಿತಕರವು.

ಕರ್ನಾಟಕದ ಕೆರೆಗಳನ್ನೂ ಗುತ್ತಿಗೆಗೆ ಕೊಟ್ಟು ಗೆಂಡೆಮರಿಗಳನ್ನು ಬಿಡುವ ರೂಢಿಯುಂಟು. ಕೆರೆಗೆ ವಿಷವಿಕ್ಕಕೂಡದೆಂದೂ, ಕಿರುಮೀನಿನಲ್ಲಿ ಊರಿನ ಬಡಮನೆಗಳಿಗೆ ಪಾಲಿರಬೇಕೆಂದೂ ಗುತ್ತಿಗೆಯ ಕರಾರಿನಲ್ಲಿಯೇ ಬರೆಯಿಸತಕ್ಕದ್ದು. ಇದನ್ನು ಊರ ಸಭೆಯಲ್ಲಿ ಕೇಳುವವರು ಯಾರು? ಈ ಶಾಲೆಯಲ್ಲಿ ಓದಿ ಇಂದು ಉಪಾಧ್ಯಾಯಿನಿಯರೂ ದಾದಿಯರೂ ಗೃಹಿಣಿಯರೂ ಆಗಿರುವ ಸಹೋದರಿಯರೇ ಕೇಳಬೇಕು. ಆಹಾರತತ್ತ್ವವನ್ನು ಓದಿದವರು ತಲೆಯನ್ನು ಎಸೆಯಬೇಡಿರೆಂದು ನೆರೆಮನೆಯ ತಾಯಿಗೆ ಹೇಳಿದರೂ ಸಾಕು, ಓದಿದ ವಿದ್ಯೆಯು ಸಾರ್ಥಕವಾಗುವುದು. ದೊಡ್ಡದನ್ನು ಬೆಳೆಸುವ ಆತುರದಲ್ಲಿ ಚಿಕ್ಕದನ್ನು ತುಳಿಯದ ಊರೇ ನಿಜವಾಗಿ ಏಳಿಗೆ ಹೊಂದುವುದು.