ಕಾಫ್ಕಾ ಕಂಡ ಕಚೇರಿ

ಫ್ರಾಂಜ್ ಕಾಫ್ಕಾನ ಕಥೆಗಳು ಬರಿಯ ದುಃಸ್ವಪ್ನಗಳೆನ್ನುವ ಪಂಡಿತರು ಒಂದು ಮಾತನ್ನು ಮರೆಯುತ್ತಾರೆ. ಆತ 1908ರಿಂದ 1922ರವರೆಗೆ ಪ್ರಾಗ್ ನಗರದ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯ ನೌಕರ. ಮರ ಕೀಸುವ ಯಂತ್ರದ ಚೌಕನೆಯ ದಂಡ ಕೂಲಿಗಾರರ ಬೆರಳು ತಿನ್ನುತ್ತದೆ, ದುಂಡನೆಯದನ್ನು ಹಾಕಿಸಿರೆಂದು ಚಿತ್ರಸಮೇತ ವರದಿ ಬರೆದವನು.

ಸತ್ತ ಮರುವರ್ಷ, 1925ರಲ್ಲಿ, ಹೊರಬಂದ ಅವನ 'ವಿಚಾರಣೆ' ಕಾದಂಬರಿಯ ನಾಯಕನನ್ನು ಒಂದು ಬೆಳಿಗ್ಗೆ ಬಂಧಿಸುತ್ತಾರೆ. ಅಪರಾಧವೇನೆಂದು ಕೊನೆಯವರೆಗೂ ಹೇಳುವುದಿಲ್ಲ. ಇದು ಕನಸಲ್ಲ, ಜನರಿಗೆ ಜವಾಬು ಹೇಳದ ಅಧಿಕಾರದ ನಿಜಮುಖ. 1948ರ ತರುವಾಯ ಅದೇ ಪ್ರಾಗ್‌ನಲ್ಲಿ ಕಾರ್ಮಿಕರ ಹೆಸರಿನಲ್ಲಿ ಆಳಿದವರೇ ಅವನ ಪುಸ್ತಕಗಳನ್ನು ಬಹುಕಾಲ ಮೂಲೆಗೊತ್ತಿದರು.

ಬೆರಳು ಕಳಕೊಂಡವನು ಪರಿಹಾರಕ್ಕಾಗಿ ಕಚೇರಿಯ ಬಾಗಿಲು ಕಾಯುವವರೆಗೆ, ಬಾವುಟದ ಬಣ್ಣ ಯಾವುದೇ ಇರಲಿ, ಸಮಾಜವಾದ ಬಂದಿತೆಂದು ಯಾರೂ ಹೇಳಕೂಡದು. ಕಾಫ್ಕಾನನ್ನು ದುಡಿಯುವ ಜನ ಓದಬೇಕು.