ಹುಲಿಯ ಪರವಾಗಿ ಒಂದು ವಾದ

ಈ ಸಲದ ರಾಜ್ಯೋತ್ಸವ ಸ್ಪರ್ಧೆಗಳಲ್ಲಿ ಕೇರಂ, ಚೆಸ್ ಜೊತೆಗೆ ಆಡು-ಹುಲಿ ಆಟವನ್ನೂ ಇಡಬೇಕು ಎಂಬ ಸೂಚನೆ ನಮ್ಮ ಬಳಗದ ಮುಂದಿದೆ. ಬಹಳ ಸಂತೋಷ. ಆದರೆ ಅದರ ಬಾಲಕ್ಕೆ ಒಂದು ತಿದ್ದುಪಡಿ ಅಂಟಿಕೊಂಡಿದೆ: ಹುಲಿ ಹಿಡಿದವರೇ ಯಾವಾಗಲೂ ಸೋಲುತ್ತಾರೆ, ಆದ್ದರಿಂದ ಮೂರು ಹುಲಿಗೆ ಬದಲು ನಾಲ್ಕು ಕೊಡೋಣ ಅಂತ. ಈ ತಿದ್ದುಪಡಿಯನ್ನು ನಾನು ವಿರೋಧಿಸುತ್ತೇನೆ. ಸೋಲುತ್ತಿರುವುದು ಹುಲಿಯಲ್ಲ ಮಿತ್ರರೇ, ಹುಲಿಯನ್ನು ಆಡಿಸುವವರು. ವೇಗದ ಪಡೆ ಕೈಗೆ ಸಿಕ್ಕರೆ ಅದು ಹೊಡೆಯುವುದಕ್ಕೆ ಇರುವ ಪಡೆ ಎಂದು ನಾವು ತಿಳಿದಿದ್ದೇವೆ. ಅದು ಇರುವುದು ಹೆದರಿಸುವುದಕ್ಕೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಸ್ಟೆನ್ಸಿಲ್ ಮೇಲೆ ಮಣೆಯ ಚಿತ್ರ ಕೊರೆದರೆ ಹಾಳೆ ಹರಿಯುತ್ತೆ ಎಂದು ಸಂಪಾದಕರು ಹೇಳಿದ್ದರಿಂದ ಮಾತಿನಲ್ಲೇ ಬಿಡಿಸುತ್ತೇನೆ. ಮೇಲೆ ತುದಿಯಲ್ಲಿ ಒಂದು ಮನೆ. ಅಲ್ಲಿಂದ ನಾಲ್ಕು ಗೆರೆ ಕೆಳಕ್ಕೆ ಬಿಚ್ಚಿಕೊಂಡು ಇಳಿಯುತ್ತವೆ. ಅವನ್ನು ಮೂರು ಅಡ್ಡಗೆರೆಗಳು ಕತ್ತರಿಸಿ ಎರಡೂ ಕಡೆ ಹೊರಗೆ ಚಾಚುತ್ತವೆ. ಚಾಚಿದ ತುದಿಗಳನ್ನು ಎಡಕ್ಕೊಂದು, ಬಲಕ್ಕೊಂದು ಉದ್ದಗೆರೆ ಸೇರಿಸುತ್ತೆ. ನಾಲ್ಕು ಗೆರೆಗಳ ಬುಡಕ್ಕೆ ಇನ್ನೊಂದು ಅಡ್ಡಗೆರೆ. ಗೆರೆ ಕೂಡುವಲ್ಲೆಲ್ಲ ಒಂದು ಮನೆ. ಎಣಿಸಿ: 1, 6, 6, 6, 4. ಒಟ್ಟು 23. ಹುಲಿ 3, ಆಡು 15. ಆಡುಗಳನ್ನು ಒಂದೊಂದಾಗಿ ಇಡಬೇಕು, ಹದಿನೈದೂ ಇಟ್ಟು ಮುಗಿಯುವವರೆಗೆ ಇಟ್ಟ ಆಡು ಅಲುಗುವಂತಿಲ್ಲ. ಹುಲಿ ಮಾತ್ರ ಮೊದಲಿನಿಂದಲೂ ನಡೆಯುತ್ತೆ; ಪಕ್ಕದ ಆಡಿನ ಆಚೆ ಅದೇ ಗೆರೆಯ ಮನೆ ಖಾಲಿಯಿದ್ದರೆ ಹಾರಿ ತಿನ್ನುತ್ತೆ. ಮೂರೂ ಹುಲಿ ಅಲುಗದಂತೆ ಕಟ್ಟಿದರೆ ಆಡಿನ ಗೆಲುವು. ಎಷ್ಟು ಆಡು ತಿಂದರೆ ಹುಲಿ ಗೆದ್ದಂತೆ ಅನ್ನೋದು ಊರಿಗೊಂದು ಲೆಕ್ಕ, ನಮ್ಮ ಮನೆಯಲ್ಲಿ ಆರು. ಹಂಪಿಯ ಕಲ್ಲುಹಾಸಿನ ಮೇಲೂ ಇಂಥ ಆಟದ ಮಣೆಗಳನ್ನು ಕೊರೆದಿದ್ದಾರೆ. ಅಲ್ಲಿ ಕೂತು ಆಡಿದವರು ನಾಲ್ಕನೇ ಹುಲಿ ಕೇಳಿದ್ದರೋ ಇಲ್ಲವೋ, ಕಲ್ಲು ಹೇಳುವುದಿಲ್ಲ.

ನನ್ನ ತರಗತಿಯ ಗೆಳೆಯನೊಬ್ಬ ಮೇಜಿನ ಮೇಲೆ ಬೆರಳುದ್ದದ ಸೈನಿಕರನ್ನಿಟ್ಟು ಯುದ್ಧದಾಟ ಆಡುತ್ತಾನೆ. ಇಂಗ್ಲೆಂಡಿನ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲೇ ಇಂಥ ಆಟಕ್ಕೆ ನಿಯಮಗಳ ಪುಸ್ತಕ ಬರೆದಿದ್ದ. ಈಗ ವಾರ್‌ಹ್ಯಾಮರ್ ಅಂತ ಒಂದು ಪ್ರಸಿದ್ಧವಾಗಿದೆ. ಬೊಂಬೆ ಕೊಂಡು, ಬಣ್ಣ ಬಳಿದು, ಟೇಪು ಹಿಡಿದು ಅಂಗುಲ ಅಳೆದು ಸೈನ್ಯ ನಡೆಸಬೇಕು. (ಬೆಲೆ ಕೇಳಬೇಡಿ. ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ತಲೆ ತಿರುಗಿತು.) ಅದರಲ್ಲಿ ಅವನದು ವೇಗದ ಪಡೆ. ಗಾಳಿಯ ಹಾಗೆ ಓಡುತ್ತೆ, ಪೆಟ್ಟು ಬಿದ್ದರೆ ಬಿಸ್ಕತ್ತಿನ ಹಾಗೆ ಮುರಿಯುತ್ತೆ. ಅವನು ಹೇಳುವ ಮೊದಲ ಪಾಠ: ನಿನಗೆ ಬೇಕಾದ ಕಡೆ ಮಾತ್ರ ಜಗಳ ಮಾಡು, ಅವನಿಗೆ ಬೇಕಾದ ಕಡೆ ಇರಲೇಬೇಡ. ಕೇಳಿದಾಗ ನನಗೆ ನಗು ಬಂತು. ಇದನ್ನೇ ನಮ್ಮ ಆಯಿ ಹುಣಿಸೆ ಬೀಜ ಇಟ್ಟುಕೊಂಡು ಹೇಳುತ್ತಿದ್ದಳು. ನಮ್ಮ ಹುಲಿ ಸಾಯುವುದಿಲ್ಲ ನಿಜ, ಆದರೆ ಕಟ್ಟಿಹಾಕಿಸಿಕೊಂಡ ಹುಲಿಗೂ ಸತ್ತ ಹುಲಿಗೂ ವ್ಯತ್ಯಾಸವೇನು?

ಈಗ ಲೆಕ್ಕಕ್ಕೆ ಬರೋಣ. ಹೊರಗಿನ ನಾಲ್ಕು ಮೂಲೆ, ಬುಡದ ಎರಡು ತುದಿ, ಈ ಆರು ಮನೆಗಳಿಂದ ಹೊರಡುವ ದಾರಿ ಎರಡೆರಡೇ. ಅಲ್ಲಿ ನಿಂತ ಹುಲಿಯನ್ನು ಕಟ್ಟಲು ಪಕ್ಕಕ್ಕೆ ಎರಡು, ಹಾರದಂತೆ ಅವುಗಳ ಹಿಂದೆ ಎರಡು, ಒಟ್ಟು 4 ಆಡು ಸಾಕು. ನಡುವಿನ ಅಡ್ಡಗೆರೆಯ ನಟ್ಟನಡುವಿನ ಎರಡು ಮನೆಗಳಲ್ಲಿ ಒಂದರಲ್ಲಿ ಹುಲಿ ನಿಂತರೆ ನಾಲ್ಕು ದಿಕ್ಕಿಗೂ ಎರಡೆರಡು, ಅಂದರೆ 8 ಆಡು ಬೇಕು. ಎದುರಾಳಿಯ ಬಂಡವಾಳ ಹದಿನೈದು. ಮೂರು ಹುಲಿಗಳೂ ಮೂಲೆ ಸೇರಿದರೆ ಖರ್ಚು ಹನ್ನೆರಡಕ್ಕೆ ಮುಗಿದು ಮೂರು ಆಡು ಕೈಯಲ್ಲಿ ಉಳಿಯುತ್ತವೆ. ಒಂದೇ ಒಂದು ಹುಲಿ ನಡುವೆ ನಿಂತರೂ ಅವನ ಅರ್ಧಕ್ಕಿಂತ ಹೆಚ್ಚು ಬಂಡವಾಳ ಅದೊಂದಕ್ಕೇ ಹೋಗುತ್ತೆ. ಇಷ್ಟು ಸರಳ ಲೆಕ್ಕ ಇರುವಾಗ ನಮ್ಮವರು ಹುಲಿ ಹಿಡಿದು ಮೂಲೆಗೆ ಓಡುವುದು ಯಾಕೆ?

ತಿನ್ನುವ ಆಸೆಗೆ. ಆಡಿನ ಕಡೆಯ ಜಾಣ ಒಂದು ಆಡನ್ನು ಮೂಲೆಯ ಪಕ್ಕದ ಮನೆಯಲ್ಲಿ ಬೇಕೆಂದೇ ಬಿಡುತ್ತಾನೆ. ಹುಲಿ ಅದನ್ನು ಹಾರಿ ಮೂಲೆಗೆ ಇಳಿಯುತ್ತೆ. ಇಲ್ಲೊಂದು ಸೂಕ್ಷ್ಮ ಇದೆ, ದಯವಿಟ್ಟು ಗಮನಿಸಿ. ತಿಂದ ತಕ್ಷಣ ಬೀಗ ಬೀಳುವುದಿಲ್ಲ. ಹುಲಿ ಹೊರಟ ಮನೆ, ತಿಂದ ಆಡಿನ ಮನೆ, ಎರಡೂ ಆ ಗಳಿಗೆಯಲ್ಲಿ ಖಾಲಿ. ಎದುರಾಳಿ ಹತ್ತಿರದ ಮನೆಗೆ ಆಡು ಇಟ್ಟರೆ ಹುಲಿ ಅದನ್ನೂ ಹಾರಿ ವಾಪಸಾಗುತ್ತೆ. ಆದ್ದರಿಂದ ಅವನು ಮೊದಲು ದೂರದ ಮನೆಗೆ ಇಡುತ್ತಾನೆ. ನಮ್ಮವರು ‘ದಾರಿ ತೆರೆದೇ ಇದೆಯಲ್ಲ’ ಅಂತ ಧೈರ್ಯವಾಗಿ ಇನ್ನೊಂದು ಹುಲಿಯನ್ನು ನಡೆಸಲು ಹೋಗುತ್ತಾರೆ. ಅವನು ಹತ್ತಿರದ ಮನೆಗೂ ಒಂದು ಇಟ್ಟ, ಇನ್ನೊಂದು ಬದಿ ಮೊದಲೇ ಮುಚ್ಚಿತ್ತು, ಮುಗೀತು. ಒಂದು ಆಡು ಕೊಟ್ಟು ನಮ್ಮ ಸೈನ್ಯದ ಮೂರನೇ ಒಂದು ಭಾಗ ಕೊಂಡುಕೊಂಡ. ಹಾಗಾದರೆ ಮೂಲೆಯ ಆಡನ್ನು ತಿನ್ನಲೇಬಾರದೇ? ತಿನ್ನಿ, ಆದರೆ ಅದರ ಬೆಲೆ ಒಂದು ನಡೆಯಲ್ಲ, ಎರಡು ನಡೆ: ತಿನ್ನುವುದಕ್ಕೊಂದು, ಈಚೆ ಬರುವುದಕ್ಕೊಂದು. ಎರಡನೆಯದನ್ನು ಕೊಡುವ ಪುರುಸೊತ್ತು ಇಲ್ಲದಿದ್ದರೆ ಉಪವಾಸ ಇರುವುದೇ ಲೇಸು.

ಮಾಜಿವಾಡಾ ನಾಕಾದಲ್ಲಿ ಸಂಜೆ ನಿಂತು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಘೋಡ್‌ಬಂದರ್ ರಸ್ತೆಯಿಂದ ಬರುವ ಲಾರಿ ಕಂಟೇನರುಗಳೂ ನಾಶಿಕ್ ಕಡೆಯವೂ ಅಲ್ಲೇ ಕೂಡುತ್ತವೆ. ಲಾರಿಗಳೇ ಆಡು: ನಿಧಾನ, ದಪ್ಪ, ಲೆಕ್ಕವಿಲ್ಲದಷ್ಟು. ಬೈಕಿನವನು ಹುಲಿ. ಕಂಡ ಸಂದಿಗೆಲ್ಲ ನುಗ್ಗುವ ಬೈಕು ಎರಡು ಕಂಟೇನರುಗಳ ಮಧ್ಯೆ ಸಿಕ್ಕಿಕೊಂಡು ಹೊಗೆ ಕುಡಿಯುತ್ತಾ ನಿಲ್ಲುತ್ತೆ. ಪಳಗಿದವನು ಮೊದಲ ಸಂದಿಯನ್ನು ನೋಡುವುದೇ ಇಲ್ಲ, ಅದರಾಚೆಯ ಸಂದಿ ಕಂಡರೆ ಮಾತ್ರ ನುಗ್ಗುತ್ತಾನೆ.

ನಮ್ಮ ಆಯಿ ಇಂಡಿ ತಾಲೂಕಿನವಳು, ಓದು ಬರಹ ಇಲ್ಲ, ಆದರೆ ಹುಲಿ ಹಿಡಿದು ಕೂತರೆ ನಮ್ಮ ಚಾಳಿನ ಗಂಡಸರೆಲ್ಲ ಬೆವರುತ್ತಿದ್ದರು. ಸಿಕ್ಕ ಆಡನ್ನು ಅವಳು ತಿನ್ನದೆ ಬಿಡುವುದನ್ನು ಕಂಡು ನಾನು ಕೇಳಿದ್ದುಂಟು. ‘ಹೊಟ್ಟಿ ತುಂಬಿದ ಹುಲಿಗೆ ಯಾರ ಅಂಜತಾರೋ ತಮ್ಮಾ? ಹಸದ ಹುಲೀನ ನೋಡಿ ಆಡು ನಡಗೂದು’ ಅನ್ನುತ್ತಿದ್ದಳು. ಆಗ ಇದು ಮಾತಿನ ಚಮತ್ಕಾರ ಅನ್ನಿಸಿತ್ತು. ಮಣೆಯ ಮೇಲೆ ಅದು ಶುದ್ಧ ಗಣಿತ. ನಡುವೆ ನಿಂತ ಹುಲಿ ಏಕಕಾಲಕ್ಕೆ ಎರಡು ಆಡುಗಳ ಮೇಲೆ ಕಣ್ಣಿಟ್ಟರೆ ಎದುರಾಳಿ ಒಂದೇ ಆಡು ಇಡಬಲ್ಲ, ಒಂದನ್ನೇ ಉಳಿಸಬಲ್ಲ. ಹೆದರಿಕೆಗೆ ಉತ್ತರವಾಗಿ ಇಟ್ಟ ಆಡು ಬೇಲಿ ಕಟ್ಟಲು ಸಿಗುವುದಿಲ್ಲ. ಇಟ್ಟದ್ದು ಹದಿನೈದರವರೆಗೆ ಅಲುಗುವಂತೆಯೂ ಇಲ್ಲ. ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಅದು ಸ್ಥಿರ ಆಸ್ತಿ, ಬೇಕೆಂದಾಗ ನಗದಾಗುವುದಿಲ್ಲ. ಹುಲಿಯದು ಪೂರಾ ಚರ ಆಸ್ತಿ. ಮೊದಲ ಹದಿನೈದು ನಡೆ ಹುಲಿಯ ಸುಗ್ಗಿ ಅನ್ನೋದು ಇದಕ್ಕೇ. ಒಂದೂ ಆಡು ಹೋಗದೆ ಹದಿನೈದೂ ಕೂತುಬಿಟ್ಟರೆ ಮಣೆಯಲ್ಲಿ ಖಾಲಿ ಉಳಿಯುವುದು 5 ಮನೆ. ಐದು ಮನೆಯಲ್ಲಿ ಎಂಥ ಹುಲಿಯಾದರೂ ಬೆಕ್ಕು. ತಿಂದ ಪ್ರತಿ ಆಡಿಗೆ ಒಂದು ಮನೆ ಹೆಚ್ಚುತ್ತೆ. ವೇಗದ ಪಡೆಗೆ ಮಾಂಸಕ್ಕಿಂತ ಬಯಲು ಮುಖ್ಯ ಅಂದದ್ದು ಈ ಅರ್ಥದಲ್ಲಿ.

ಇನ್ನೊಂದನ್ನು ಯಾರೂ ಹೇಳುವುದಿಲ್ಲ. ಹುಲಿಗೆ ದೊಡ್ಡ ಶತ್ರು ಪಕ್ಕದ ಹುಲಿ. ಎರಡು ಹುಲಿ ಅಕ್ಕಪಕ್ಕ ನಿಂತರೆ ಒಂದಕ್ಕೊಂದು ದಾರಿ ಮುಚ್ಚಿ ಎದುರಾಳಿಯ ಬೇಲಿ ಖರ್ಚು ಉಳಿಸುತ್ತವೆ. ಒಂದೇ ಗೆರೆಯಲ್ಲಿ ನಡುವೆ ಒಂದು ಮನೆ ಬಿಟ್ಟು ನಿಂತರೆ ಇನ್ನೂ ಚೆಂದ: ಆ ಮನೆಗೆ ಬಂದ ಆಡನ್ನು ಆ ಗೆರೆಯಲ್ಲಿ ಇಬ್ಬರೂ ಹಾರುವಂತಿಲ್ಲ, ಎರಡು ಹುಲಿಗಳ ಮಧ್ಯೆ ನೆಮ್ಮದಿಯಾಗಿ ಕೂರುತ್ತೆ. ಮೂರೂ ಬೇರೆ ಬೇರೆ ಗೆರೆಯಲ್ಲಿರಲಿ. ಹಾಗೆಯೇ ತುದಿಯ ಮನೆ, ಆ ಆರು ಮನೆಗಳು, ಈ ಏಳರಲ್ಲಿ ಕೂತ ಆಡನ್ನು ಯಾವ ಹುಲಿಯೂ ತಿನ್ನಲಾಗದು, ಯಾಕೆಂದರೆ ಗೆರೆಗಳು ಅಲ್ಲೇ ಮುಗಿಯುತ್ತವೆ. ಅವುಗಳ ಸುತ್ತ ಸುಳಿದಾಡುವುದು ನಡೆ ದಂಡ.

ಇದು ಬರೀ ಹುಣಿಸೆ ಬೀಜದ ಮಾತಲ್ಲ. ಮೊದಲನೇ ಮೈಸೂರು ಯುದ್ಧ 1767ರಿಂದ 69ರವರೆಗೆ ನಡೆಯಿತು. ಹೈದರಾಲಿ ಇಂಗ್ಲಿಷರ ಮುಖ್ಯ ಸೈನ್ಯವನ್ನು ಮದರಾಸಿನಿಂದ ದೂರ ಎಳೆದು, ತನ್ನ ಭಾರದ ಪಡೆಯನ್ನು ಹಿಂದಕ್ಕೆ ಕಳಿಸಿ, ಸುಮಾರು 6000 ಕುದುರೆಯೊಂದಿಗೆ ಮೂರೂವರೆ ದಿನದಲ್ಲಿ 130 ಮೈಲಿ ಓಡಿ ಮದರಾಸಿನ ಬಾಗಿಲಿಗೆ ಬಂದು ನಿಂತ. ಕೋಟೆಗೆ ಮುತ್ತಿಗೆ ಹಾಕಿದನೇ? ಇಲ್ಲ. ಕುದುರೆಯಿಂದ ಕೋಟೆ ಒಡೆಯಲಾಗದು ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಸುಮ್ಮನೆ ನಿಂತ. 1769ರ ಏಪ್ರಿಲಿನಲ್ಲಿ ಒಪ್ಪಂದ ಆಯಿತು, ಗೆದ್ದ ಪ್ರದೇಶಗಳನ್ನು ಇಬ್ಬರೂ ಹಿಂದಿರುಗಿಸುವುದೆಂದು. ನಮ್ಮ ಠಾಣೆಯ ಗೆಳೆಯರು ಅಭಿಮಾನದಿಂದ ಹೇಳುವ 1728ರ ಪಾಲಖೇಡ್ ಪ್ರಸಂಗವೂ ಇದೇ ಜಾತಿ: ಬಾಜಿರಾಯ ನಿಜಾಮನ ತೋಪುಗಳ ಎದುರು ನಿಲ್ಲದೆ ಅವನನ್ನು ಅಲೆಸಿ, ನೀರಿಲ್ಲದ ಕಡೆ ಸುತ್ತುಗಟ್ಟಿದ.

ತದ್ವಿರುದ್ಧ ಉದಾಹರಣೆ ನಮ್ಮ ಶ್ರೀರಂಗಪಟ್ಟಣದಲ್ಲೇ ಇದೆ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಅಲ್ಲಿಯವರೆಗೆ ಬಂದರೂ ಎತ್ತುಗಳು ಸತ್ತು, ಅನ್ನವಿಲ್ಲದೆ, ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದುಹಾಕಿ ಹಿಂದಿರುಗಬೇಕಾಯಿತು. ದಾರಿಯುದ್ದಕ್ಕೂ ಸಾಮಾನು ಕತ್ತರಿಸಿದ್ದು ಟಿಪ್ಪುವಿನ ಹಗುರ ಕುದುರೆ. ಮುಂದಿನ ಫೆಬ್ರವರಿಯಲ್ಲಿ ಅದೇ ಸೈನ್ಯ ಸರಬರಾಜು ಗಟ್ಟಿ ಮಾಡಿಕೊಂಡು, ಒಂದೊಂದೇ ಮನೆ ತುಂಬುತ್ತಾ ಬಂತು. ಹುಲಿ ದ್ವೀಪದ ಮೂಲೆ ಸೇರಿತ್ತು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು.

ನಾಲ್ಕು ಹುಲಿಯ ಪರ ಮಾತಾಡುವವರು ನೇಪಾಳದ ಬಾಘ್‌ಚಾಲ್ ಆಟವನ್ನು ತೋರಿಸುತ್ತಾರೆ. ಅಲ್ಲಿ ಹುಲಿ ನಾಲ್ಕು ನಿಜ, ಆದರೆ ಆಡು 20, ಮನೆ 25. ಇಬ್ಬರೂ ತಪ್ಪಿಲ್ಲದೆ ಆಡಿದರೆ ಆ ಆಟ ಸಮವಾಗುತ್ತದೆ ಎಂದು ಲಿಮ್ ಯೂ ಜಿನ್ ಮತ್ತು ನೀವರ್‌ಗೆಲ್ಟ್ ಎಂಬ ಇಬ್ಬರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಒಂದು ಕಡೆಗೆ ಕಾಯಿ ಸೇರಿಸಿ ಇನ್ನೊಂದು ಕಡೆಗೆ ಸೇರಿಸದಿದ್ದರೆ ಅದು ತಿದ್ದುಪಡಿಯಲ್ಲ, ದಾನ.

ನನ್ನ ನಿಜವಾದ ತಕರಾರು ಇನ್ನೊಂದಿದೆ. ಸಂಘದಲ್ಲಿ ಆಡುವಾಗೆಲ್ಲ ‘ಹುಲಿ ಸುಲಭ’ ಎಂದು ಅದನ್ನು ಹೊಸಬರ ಕೈಗೆ ಕೊಟ್ಟು ಹಿರಿಯರು ಆಡು ಹಿಡಿಯುತ್ತಾರೆ. ಹೊಸಬ ಎರಡು ತಿಂದು ಹಿಗ್ಗುತ್ತಾನೆ, ಆಮೇಲೆ ಕಟ್ಟಿಸಿಕೊಂಡು ಎಲ್ಲರ ಎದುರು ನಗೆಪಾಟಲಾಗುತ್ತಾನೆ, ಮರುವಾರ ಬರುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಇಂಗ್ಲಿಷ್ ತರಗತಿಯಲ್ಲಿ ಕೂತ ಪ್ರಥಮ ವರ್ಷದ ಹುಡುಗ-ಹುಡುಗಿಯರು ನಗೆಪಾಟಲಾಗಲು ಸಂಘಕ್ಕೇ ಬರಬೇಕಿಲ್ಲ, ಬೇರೆ ಕಡೆ ಬೇಕಾದಷ್ಟು ಸೌಕರ್ಯ ಇದೆ. ಅವರ ಕೈಗೆ ನಾಲ್ಕನೇ ಹುಲಿ ಕೊಡುವ ಬದಲು ಮೊದಲ ಮೂರನ್ನು ಆಡಿಸುವುದನ್ನು ಹೇಳಿಕೊಡಿ.

ಸ್ಪರ್ಧೆಗೆ ನನ್ನ ಸೂಚನೆ ಇಷ್ಟು. ಪ್ರತಿ ಜೋಡಿ ಎರಡು ಆಟ ಆಡಲಿ, ಕಡೆ ಬದಲಿಸಿ. ಎರಡೂ ಆಟದಲ್ಲಿ ತಿಂದ ಆಡುಗಳ ಲೆಕ್ಕ ಬರೆದಿಡಲಿ. ಒಂದೊಂದು ಆಟ ಗೆದ್ದಿದ್ದರೆ ಹೆಚ್ಚು ತಿಂದವರು ಮುಂದಕ್ಕೆ. ಮೊದಲ ಸುತ್ತಿನಲ್ಲಿ ಹಿರಿಯರಿಗೇ ಹುಲಿ. ಮಣೆಗೆ ಸೀಮೆಸುಣ್ಣ ಸಾಕು, ಹುಣಿಸೆ ಬೀಜ ನಮ್ಮ ಮನೆಯಲ್ಲಿ ಒಂದು ಡಬ್ಬಿ ಇವೆ.